ಮೂಗು ಮುಚ್ಚಿಕೊಂಡರೆ ಮುಗಿಯಿತೇ?
ಕೊಳಚೆ ನೀರಿನ ಘಟಕ ನಾರುವುದು ಏಕೆ, ನಾರದಂತೆ ನಡೆಸುವುದು ಹೇಗೆ

ರಾಯಚೂರು: ಸಂಜೆಯ ಬಸ್ಸು. ಸೀಟು ಸಿಕ್ಕವರು ತೂಕಡಿಸುತ್ತಿದ್ದಾರೆ, ಸಿಗದವರು ಕಂಬಿ ಹಿಡಿದು ನಿಂತಿದ್ದಾರೆ. ಊರ ಹೊರಗಿನ ಹಳ್ಳದ ಸೇತುವೆ ಹತ್ತಿರವಾದಂತೆ ಕಿಟಕಿಗಳು ದಡಬಡನೆ ಮುಚ್ಚಿಕೊಳ್ಳುತ್ತವೆ. ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಹಿಡಿದರೆ ಗಂಡಸರು ಹೆಗಲ ಮೇಲಿನ ಟವೆಲ್ ಎಳೆದುಕೊಳ್ಳುತ್ತಾರೆ. ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಅಗತ್ಯವೇ ಇಲ್ಲ. "ನಾತ ಬಂತಂದ್ರ ಊರು ಬಂತು ನೋಡ್ರಿ" ಎಂಬ ಮಾತು ಈ ಕಡೆಯ ಪ್ರಯಾಣಿಕರಿಗೆ ಹೊಸದೇನಲ್ಲ.

ಬಸ್ಸಿನವರದು ಎರಡು ನಿಮಿಷದ ಕಷ್ಟ, ದಾಟಿ ಹೋಗುತ್ತದೆ. ಆದರೆ ಮೋರಿಯ ಮಗ್ಗುಲಲ್ಲೇ ಅಂಗಡಿ ಇಟ್ಟವರ ಪಾಡೇನು? ಬೆಳಿಗ್ಗೆ ಷಟರ್ ಎತ್ತುತ್ತಲೇ ಹಚ್ಚುವ ಊದಿನಕಡ್ಡಿ ದೇವರಿಗೆಷ್ಟೋ, ನಾತಕ್ಕೂ ಅಷ್ಟೇ. ಗಿರಾಕಿ ಬಂದವನು ಅರ್ಧ ಸಾಮಾನು ಕೊಂಡು, ಉಳಿದರ್ಧ ಮರೆತು, ಮೂಗು ಹಿಡಿದುಕೊಂಡು ಹೊರಟುಬಿಡುತ್ತಾನೆ. ನಾತಕ್ಕೆ ಆದ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು?

ಹೊಲಸು ನೀರನ್ನು ಶುದ್ಧ ಮಾಡುವ ಘಟಕ ಊರಿಗೆ ಬರುತ್ತದೆ ಎಂದಾಗ ಜನ ಮೊದಲು ಕೇಳುವುದೂ ನಾತದ ಮಾತನ್ನೇ. "ಘಟಕ ಮಾಡ್ರಿ, ಬ್ಯಾಡ ಅನ್ನೂದಿಲ್ಲ, ಆದರ ನಮ್ಮ ಓಣಿ ಹತ್ತಿರ ಬ್ಯಾಡ್ರಿ" ಎನ್ನುವುದು ಎಲ್ಲಾ ಊರಿನ ಎಲ್ಲಾ ಓಣಿಯ ಮಾತು. ಹೊಲಸು ನೀರಿನ ಘಟಕ ಅಂದ ಮೇಲೆ ನಾರಲೇಬೇಕು ಎಂದು ಜನ ನಂಬಿದ್ದಾರೆ. ನಡೆಸುವವರಿಗೂ ಈ ನಂಬಿಕೆಯಿಂದ ಅನುಕೂಲವೇ. ನಾರುವುದೇ ಅದರ ಗುಣ ಎಂದ ಮೇಲೆ ಯಾರು ಯಾರನ್ನು ಕೇಳಬೇಕು?

ಆದರೆ ಅದು ನಿಜವಲ್ಲ. ದಿನದ ಕೆಲಸ ದಿನವೂ ನಡೆಯುವ ಘಟಕದ ನಾತ ಅದರ ಬೇಲಿ ದಾಟುವುದು ಅಪರೂಪ. ಬೇಲಿ ದಾಟಿ ಓಣಿಗೆ ಬಂತೆಂದರೆ ಒಳಗೆ ಎಲ್ಲೋ ಒಂದು ಕೆಲಸ ನಿಂತಿದೆ ಎಂದೇ ಅರ್ಥ.

ನೀರು ಕೊಳೆಯುವುದು ಹೇಗೆ?

ಮನೆಯಿಂದ ಆಗಷ್ಟೇ ಹೊರಬಿದ್ದ ಹೊಲಸು ನೀರಿಗೆ ವಾಸನೆ ಇರುತ್ತದೆ, ಆದರೆ ತಲೆ ತಿರುಗಿಸುವಂಥ ನಾತ ಇರುವುದಿಲ್ಲ. ಆ ನೀರಿನಲ್ಲಿ ಕರಗಿದ ಗಾಳಿ, ಅಂದರೆ ಆಮ್ಲಜನಕ, ಸ್ವಲ್ಪವಾದರೂ ಇರುವ ತನಕ ಅದರಲ್ಲಿನ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಅರಗಿಸುತ್ತವೆ. ನೀರು ಹರಿಯದೆ ನಿಂತಾಗ ಗಾಳಿ ಖರ್ಚಾಗಿ ಮುಗಿಯುತ್ತದೆ. ಆಗ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳ ರಾಜ್ಯ ಶುರುವಾಗುತ್ತದೆ. ಇವಕ್ಕೆ ಗಾಳಿ ಬೇಡ. ನೀರಿನಲ್ಲಿ ಕರಗಿರುವ ಸಲ್ಫೇಟ್ ಎಂಬ ಲವಣದಿಂದಲೇ ಆಮ್ಲಜನಕ ಕಿತ್ತುಕೊಂಡು ಬದುಕುತ್ತವೆ. ಹೀಗೆ ಕಿತ್ತುಕೊಂಡ ಮೇಲೆ ಉಳಿಯುವುದೇ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಕೊಳೆತ ತತ್ತಿಯ ನಾತ ಎಂದು ಎಲ್ಲರೂ ಹೇಳುವುದು ಇದನ್ನೇ. ಇದರ ಜೊತೆಗೆ ಮೂಗು ಉರಿಸುವ ಅಮೋನಿಯಾ, ಕೊಳೆತ ಕೋಸಿನಂತೆ ನಾರುವ ಇತರ ಗಂಧಕದ ಅನಿಲಗಳೂ ಸೇರುತ್ತವೆ.

ಸೆಕೆ ಹೆಚ್ಚಿದಷ್ಟೂ ಈ ಕೊಳೆಯುವ ಕೆಲಸ ಬೇಗ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಬೆಳಗಿನ ಸಾರು ಸಂಜೆಗೆ ಹಳಸುವುದಿಲ್ಲವೇ? ಮೋರಿಯ ನೀರಿನ ಕಥೆಯೂ ಅದೇ.

ಈ ಅನಿಲವನ್ನು ಗುರುತಿಸುವುದರಲ್ಲಿ ಮನುಷ್ಯನ ಮೂಗು ಬಲು ಚುರುಕು. ಗಾಳಿಯ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು ಬೆರೆತರೂ ಬಹಳ ಜನರಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಓಣಿಗೆ ನಾತ ಬಂದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆಗೇಡು ಮಾತ್ರ ತಪ್ಪದು. ಆದರೆ ಇದೇ ಅನಿಲ ಮುಚ್ಚಿದ ಗುಂಡಿಯೊಳಗೆ ಕೂಡಿಕೊಂಡಾಗ ಯಮನ ರೂಪ ತಾಳುತ್ತದೆ.

ನಾತ ನಿಂತಾಗಲೇ ಅಪಾಯ

ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಮ್ಯಾನ್‌ಹೋಲಿನ ತಳದಲ್ಲಿ, ಪಂಪಿನ ಬಾವಿಯಲ್ಲಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಕೆಳಗೇ ಕುಳಿತಿರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದರ 100 ಪಾಲು ಇದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತುಹೋಗುತ್ತದೆ. ವಾಸನೆಯೇ ತಿಳಿಯದು. "ನಾತ ಹೋಯ್ತು, ಇನ್ನೇನು ಭಯ ಇಲ್ಲ" ಎಂದು ಕೆಳಗಿಳಿದವನು 500, 700 ಪಾಲು ತುಂಬಿದ ಜಾಗ ಮುಟ್ಟಿದರೆ ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನು, ಅವನ ಹಿಂದೆ ಮೂರನೆಯವನು... ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತರು ಎಂಬ ಸುದ್ದಿ ದೇಶದ ಒಂದಲ್ಲ ಒಂದು ಊರಿನಿಂದ ಬರುತ್ತಲೇ ಇರುವುದು ಈ ಕಾರಣಕ್ಕೆ.

ಕಾನೂನು ಇಲ್ಲವೆಂದಲ್ಲ. ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದು 2013ರ ಕೇಂದ್ರ ಕಾಯ್ದೆಯಂತೆ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಹಣ ಏರಿತು. ಆದರೆ ಹೋದ ಜೀವಕ್ಕೆ ದರಪಟ್ಟಿ ಉಂಟೇ?

ಆದ್ದರಿಂದ ಅಂಗಡಿಕಾರನ ಮೂಗಿಗೆ ಬಡಿಯುವ ನಾತವೂ, ಗುಂಡಿಗೆ ಇಳಿಯುವ ಪೌರಕಾರ್ಮಿಕನ ಜೀವ ತೆಗೆಯುವ ಅನಿಲವೂ ಬೇರೆ ಬೇರೆ ಅಲ್ಲ. ಓಣಿಯಲ್ಲಿ ನಾತ ಹೆಚ್ಚಿದೆ ಎಂದರೆ ಒಳಗೆ ಕೆಲಸ ಮಾಡುವವನ ಅಪಾಯವೂ ಹೆಚ್ಚಿದೆ ಎಂದು ತಿಳಿಯಬೇಕು. ಇಷ್ಟೇ ಅಲ್ಲ, ಪೈಪಿನ ಮೇಲ್ಭಾಗದ ತೇವದಲ್ಲಿ ಇದೇ ಅನಿಲ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಕೋಟಿಗಟ್ಟಲೆ ಖರ್ಚಿನ ಒಳಚರಂಡಿ ಒಳಗಿಂದೊಳಗೇ ಸವೆದು, ಒಂದು ದಿನ ರಸ್ತೆಯೇ ಕುಸಿದಾಗ ಎಲ್ಲರೂ ಕಂಟ್ರಾಕ್ಟರನ್ನು ಬೈಯುತ್ತಾರೆ!

ಮೂರು ಊರಿನ ಲೆಕ್ಕ

ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು, ಅದರಲ್ಲಿ ನೂರಕ್ಕೆ 80 ಪಾಲು ಹೊಲಸು ನೀರಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. 2011ರ ಜನಗಣತಿಯಲ್ಲಿ ರಾಯಚೂರು ನಗರಕ್ಕೆ ಸುಮಾರು 2.34 ಲಕ್ಷ, ಮಾನ್ವಿಗೆ ಸುಮಾರು 46 ಸಾವಿರ, ದೇವದುರ್ಗಕ್ಕೆ ಸುಮಾರು 29 ಸಾವಿರ ಜನ. ಅಷ್ಟು ಜನಕ್ಕೆ ಆ ಲೆಕ್ಕದಂತೆ ನೀರು ಕೊಟ್ಟರೆ ರಾಯಚೂರಿನಿಂದ ದಿನಕ್ಕೆ ಎರಡೂವರೆ ಕೋಟಿ ಲೀಟರ್, ಮಾನ್ವಿಯಿಂದ 50 ಲಕ್ಷ, ದೇವದುರ್ಗದಿಂದ 31 ಲಕ್ಷ ಲೀಟರ್ ಹೊಲಸು ನೀರು ಹೊರಬೀಳುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ ರಾಯಚೂರೊಂದಕ್ಕೇ ದಿನಕ್ಕೆ 2,500 ಟ್ಯಾಂಕರ್! ಗಣತಿಯ ನಂತರ ಊರುಗಳು ಬೆಳೆದದ್ದು ಇದರಲ್ಲಿ ಸೇರಿಲ್ಲ.

ಇಷ್ಟು ನೀರು ಎಲ್ಲಿಗಾದರೂ ಹೋಗಲೇಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ದೋಆಬಿನಲ್ಲಿ ಹಳ್ಳಕ್ಕೆ ಬಿಟ್ಟ ನೀರು ಇಂದಲ್ಲ ನಾಳೆ ಹೊಳೆ ಸೇರುತ್ತದೆ. ಹೊಳೆಯ ನೀರೇ ಮತ್ತೆ ನಲ್ಲಿಗೆ. ನೀರು ಕೆಟ್ಟರೆ ಏನಾಗುತ್ತದೆಂದು ರಾಯಚೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2022ರ ಮೇ, ಜೂನ್ ತಿಂಗಳಲ್ಲಿ ಕುಡಿಯುವ ನೀರು ಕಲುಷಿತಗೊಂಡು ನಗರದ ಜನ ವಾಂತಿಭೇದಿಯಿಂದ ಆಸ್ಪತ್ರೆ ತುಂಬಿದ್ದು, ಕೆಲವರು ಜೀವವನ್ನೇ ಕಳೆದುಕೊಂಡದ್ದು ಯಾರೂ ಮರೆತಿಲ್ಲ.

ಅದಕ್ಕೇ ನಾತದ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಘಟಕ ನಾರಿತೆಂದರೆ ಮುಂದಿನ ಘಟಕಕ್ಕೆ ಯಾವ ಊರಿನವರೂ ಜಾಗ ಬಿಡುವುದಿಲ್ಲ. ಘಟಕ ಇಲ್ಲದಿದ್ದರೆ ಹೊಲಸು ನೇರ ಹಳ್ಳಕ್ಕೆ. ಉತ್ತರ ಕರ್ನಾಟಕದ ಊರುಗಳ ನೀರು, ಒಳಚರಂಡಿ ಕೆಲಸಗಳಿಗೆ 2006ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು 27 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಸಾಲದ ದುಡ್ಡಿನಲ್ಲಿ ಪೈಪು ಹಾಕಬಹುದು, ಕೊಳ ತೋಡಬಹುದು, ಯಂತ್ರ ಕೂಡಿಸಬಹುದು. ಆದರೆ ದಿನ ಬೆಳಗಾದರೆ ಕಸ ಎತ್ತುವವರು ಯಾರು?

ಎಲ್ಲೆಲ್ಲಿ ನಾರುತ್ತದೆ?

ಘಟಕದ ಒಳಗೆ ನಾತ ಹುಟ್ಟುವ ಜಾಗಗಳು ಬೆರಳಲ್ಲಿ ಎಣಿಸುವಷ್ಟೇ ಇವೆ.

ಮೊದಲನೆಯದು, ನೀರು ಬಂದು ಬೀಳುವ ಬಾವಿ. ಪಂಪು ಕೆಟ್ಟಿದೆ, ಕರೆಂಟು ಇಲ್ಲ ಎಂದು ನೀರನ್ನು ತಾಸುಗಟ್ಟಲೆ ನಿಲ್ಲಿಸಿದರೆ ಅಲ್ಲೇ ಕೊಳೆಯುತ್ತದೆ. ಮೇಲಿನಿಂದ ಧೋ ಎಂದು ಬಿದ್ದರಂತೂ ಒಳಗಿನ ಅನಿಲವೆಲ್ಲ ಚಿಮ್ಮಿ ಹೊರಬರುತ್ತದೆ. ಪೈಪಿನ ಬಾಯಿ ನೀರಿನೊಳಗೆ ಮುಳುಗುವಂತಿರಬೇಕು, ಬಾವಿಗೆ ಮುಚ್ಚಳ ಇರಬೇಕು, ನೀರು ಹೆಚ್ಚು ಹೊತ್ತು ನಿಲ್ಲದಂತೆ ಆಗಾಗ ಪಂಪು ಓಡಬೇಕು.

ಎರಡನೆಯದು, ಕಸ ತಡೆಯುವ ಸರಳುಜಾಲರಿ. ಚಿಂದಿ, ಪ್ಲಾಸ್ಟಿಕ್, ಕೂದಲು, ಮುಸುರೆ ಎಲ್ಲಾ ಇಲ್ಲಿ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಎರಡು ಸಲವಾದರೂ ಬಾಚಿ ತೆಗೆದು, ನೀರು ಬಸಿದು, ಸುಣ್ಣ ಉದುರಿಸಿ, ಅದೇ ದಿನ ಸಾಗಿಸಬೇಕು. ಬಾಚಿದ್ದನ್ನು ಪಕ್ಕದಲ್ಲೇ ಗುಡ್ಡೆ ಹಾಕಿದರೆ ತಿಪ್ಪೆಯೊಂದು ತಯಾರಾಯಿತೆಂದೇ ಲೆಕ್ಕ. ಇದಕ್ಕೆ ಬೇಕಾದದ್ದು ವಿದೇಶಿ ಯಂತ್ರವಲ್ಲ, ಒಂದು ಕುಂಟಿ, ಒಂದು ತಳ್ಳುಗಾಡಿ, ಕೈಚೀಲ ತೊಟ್ಟ ಇಬ್ಬರು ಆಳು.

ಮೂರನೆಯದು, ಕೊಳ. ಬಿಸಿಲಿನಲ್ಲಿ ನೀರನ್ನು ಹಾಯಾಗಿ ನಿಲ್ಲಿಸಿ ಶುದ್ಧ ಮಾಡುವ ಕೊಳಗಳಲ್ಲಿ ಮೇಲ್ಪದರದ ಹಸಿರು ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ. ತಳದಿಂದ ಏಳುವ ನಾತವನ್ನು ಆ ಪದರವೇ ಮೇಲೆ ಬರದಂತೆ ತಡೆಯುತ್ತದೆ. ಕೊಳ ಹಸಿರಾಗಿದೆಯೇ, ಆರೋಗ್ಯವಾಗಿದೆ. ಕಪ್ಪಗೆ, ಇಲ್ಲವೇ ನಸುಗೆಂಪಾಗಿ ತಿರುಗಿದೆಯೇ, ತಾಳುವುದಕ್ಕಿಂತ ಹೆಚ್ಚು ಹೊಲಸು ಸುರಿದಿದ್ದಾರೆ ಎಂದರ್ಥ. ಓದು ಬರದವನೂ ಬೇಲಿಯಾಚೆ ನಿಂತು ಈ ಬಣ್ಣ ನೋಡಿ ಹೇಳಬಹುದು. ಆಗ ಸುರಿಯುವುದನ್ನು ಕಡಿಮೆ ಮಾಡಬೇಕು, ಕೊನೆಯ ಕೊಳದ ಒಳ್ಳೆಯ ನೀರನ್ನು ಮೊದಲ ಕೊಳಕ್ಕೆ ತಿರುಗಿಸಬೇಕು, ತೇಲುವ ಕೆನೆಯನ್ನೂ ದಡದ ಕಳೆಯನ್ನೂ ತೆಗೆಯಬೇಕು, ಕೆಲವು ವರ್ಷಕ್ಕೊಮ್ಮೆ ಹೂಳೆತ್ತಬೇಕು. ಸಾಲದಿದ್ದರೆ ನೀರಿಗೆ ಗಾಳಿ ಬೆರೆಸುವ ಯಂತ್ರ ಹಾಕಬೇಕು.

ಯಂತ್ರದಿಂದಲೇ ಗಾಳಿ ಕೊಡುವ ಟ್ಯಾಂಕುಗಳಲ್ಲಿ ಕರೆಂಟು ಹೋದರೆ ಉಸಿರೇ ನಿಂತಂತೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಿಂದ ನಾಡಿಗೆಲ್ಲ ಬೆಳಕು ಕೊಡುವ ಜಿಲ್ಲೆಯಲ್ಲಿ, ಜನರೇಟರಿಗೆ ಡೀಸೆಲ್ ಇಲ್ಲವೆಂದು ಊರು ನಾರಿದರೆ ದೀಪದ ಬುಡದಲ್ಲೇ ಕತ್ತಲು ಎಂದ ಹಾಗಾಗುತ್ತದೆ.

ನಾಲ್ಕನೆಯದು, ಕೆಸರು. ತಳದಲ್ಲಿ ಕೂಡಿದ ಕೆಸರನ್ನು ಒಂದು ಗೇಣಿನಷ್ಟೇ ತೆಳ್ಳಗೆ ಮರಳಿನ ಹಾಸಿನ ಮೇಲೆ ಹರವಿದರೆ ರಾಯಚೂರಿನ ಬಿಸಿಲು ಪುಕ್ಕಟೆಯಾಗಿ ಒಣಗಿಸಿ ಕೊಡುತ್ತದೆ. ಬೇರೆ ಊರಿನವರಿಗೆ ಸಿಗದ ಭಾಗ್ಯ ಇದು. ರಾಶಿ ಹಾಕಿ ಮಳೆಗೆ ಬಿಟ್ಟರೆ ಮಾತ್ರ ಊರಿಗೆಲ್ಲ ಶಿಕ್ಷೆ.

ಅತ್ತರು ಹೊಡೆದರೆ ಹೋಗುವುದೇ?

ನಾತದ ದೂರು ಬಂದಾಗ ಪೌಡರ್ ಚೆಲ್ಲುವುದು, ಸುವಾಸನೆಯ ದ್ರಾವಣ ಸಿಂಪಡಿಸುವುದು ಉಂಟು. ಸ್ನಾನ ಮಾಡದವನು ಅತ್ತರು ಬಳಿದುಕೊಂಡ ಹಾಗೆ ಇದು. ತಾಸೆರಡು ತಾಸು ಮರೆಯಾಗಿ ಮತ್ತೆ ಹಾಜರ್!

1858ರ ಬೇಸಗೆಯಲ್ಲಿ ಲಂಡನ್ ನಗರದ ಥೇಮ್ಸ್ ನದಿ ಹೊಲಸಿನಿಂದ ನಾರಿದಾಗ ಅಲ್ಲಿನ ಪಾರ್ಲಿಮೆಂಟಿನವರೂ ಮೊದಲು ಮಾಡಿದ್ದು ಇದನ್ನೇ. ಕಿಟಕಿಯ ಪರದೆಗಳನ್ನು ಬ್ಲೀಚಿಂಗ್ ಪೌಡರಿನಂಥ ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗುಹಾಕಿದರು. ನಾತ ಜಗ್ಗಲಿಲ್ಲ. ತಮ್ಮ ಮೂಗಿಗೇ ಬಂದ ಮೇಲೆ ಕೆಲವೇ ದಿನಗಳಲ್ಲಿ ಕಾನೂನು ಪಾಸಾಯಿತು, ಬ್ಯಾಜಲ್ಗೆಟ್ ಎಂಬ ಎಂಜಿನಿಯರು ಇಡೀ ನಗರಕ್ಕೆ ಒಳಚರಂಡಿ ಕಟ್ಟಿದ. ದೊಡ್ಡವರ ಮೂಗಿಗೆ ಬಡಿದಾಗ ಕಡತ ಬೇಗ ಓಡುವುದು ಲಂಡನ್ನಿನಲ್ಲೂ ಒಂದೇ, ನಮ್ಮಲ್ಲೂ ಒಂದೇ.

ಹಾಗಾದರೆ ನಿಜವಾದ ಮದ್ದು ಯಾವುದು? ಕೊಳೆತ ಗಾಳಿಯನ್ನು ಮುಚ್ಚಳದ ಕೆಳಗೇ ಹಿಡಿದು, ಫ್ಯಾನಿನಿಂದ ಎಳೆದು, ಕಾಂಪೋಸ್ಟ್ ಗೊಬ್ಬರ, ಮರದ ಚಕ್ಕೆ, ತೆಂಗಿನ ನಾರು ತುಂಬಿದ ಒಂದು ಮೀಟರ್ ದಪ್ಪದ ಹಾಸಿನ ಕೆಳಗಿನಿಂದ ಮೇಲಕ್ಕೆ ಬಿಡುತ್ತಾರೆ. ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ನಾತದ ಅನಿಲವನ್ನೇ ತಿಂದುಬಿಡುತ್ತವೆ. ಗಾಳಿ ಒಂದರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಹಾಸಿನಲ್ಲಿದ್ದರೆ ಸಾಕು. 1957ರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದ ಪೊಮೆರಾಯ್ ಎಂಬಾತ ಇಂಥ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಇದಕ್ಕೆ ಬೇಕಾದ ಸಾಮಾನು ಇಲ್ಲೇ ಸಿಗುತ್ತದೆ. ಒಂದೇ ಶರತ್ತು, ಹಾಸು ಸದಾ ತೇವವಾಗಿರಬೇಕು. ನಮ್ಮ ಬೇಸಗೆಯಲ್ಲಿ ನೀರು ಚಿಮುಕಿಸುವುದನ್ನು ಎರಡು ದಿನ ಮರೆತರೂ ಹಾಸು ಒಣಗಿ ಸೂಕ್ಷ್ಮಜೀವಿಗಳು ಸಾಯುತ್ತವೆ, ಫ್ಯಾನು ಸುಮ್ಮನೆ ತಿರುಗುತ್ತದೆ.

ಉದ್ದನೆಯ ಪೈಪಿನಲ್ಲೇ ನೀರು ಕೊಳೆಯುವಂತಿದ್ದರೆ ಕಬ್ಬಿಣದ ಲವಣ ಬೆರೆಸಿ ಗಂಧಕವನ್ನು ಕಟ್ಟಿಹಾಕಬಹುದು. ನೈಟ್ರೇಟ್ ಬೆರೆಸಿ ಆ ಅನಿಲ ಹುಟ್ಟದಂತೆಯೂ ಮಾಡಬಹುದು. ಇದು ದಿನವೂ ಖರ್ಚು ಬೇಡುವ ಮದ್ದು. ಸುತ್ತ ಬೇವು, ಹೊಂಗೆ ಬೆಳೆಸಿದರೆ ಗಾಳಿಯ ರಭಸ ಒಡೆದು ನಾತ ಚದುರುತ್ತದೆ. ಆದರೆ ಗಿಡ ನೆಟ್ಟು ಫೋಟೋ ತೆಗೆಸಿಕೊಂಡ ಮಾತ್ರಕ್ಕೆ ನಾತ ಹೋಗದು.

ಸಣ್ಣ ಊರಿಗೆ ದೇವನಹಳ್ಳಿಯ ಪಾಠ

ದೇವದುರ್ಗ, ಮಾನ್ವಿಯಂಥ ಪುರಸಭೆಯ ಊರುಗಳಲ್ಲಿ ಇನ್ನೊಂದು ಸಂಗತಿ ಇದೆ. ಎಲ್ಲೆಲ್ಲಿ ಮನೆಗೊಂದು ಪಾಯಿಖಾನೆ ಗುಂಡಿ ಇದೆಯೋ ಅಲ್ಲಿ ಅದು ತುಂಬಿದಾಗ ಹೀರುವ ಲಾರಿ ಬರುತ್ತದೆ. ಹೀರಿದ್ದನ್ನು ಎಲ್ಲಿ ಸುರಿಯುತ್ತಾರೆ? ಗುಂಡಿಯ ರಾಡಿ ಮೋರಿಯ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿ. ಕತ್ತಲಲ್ಲಿ ಹಳ್ಳಕ್ಕೆ ಬಿಟ್ಟರೆ ಹಳ್ಳ ನಾರುತ್ತದೆ, ಲಾರಿಗಟ್ಟಲೆ ಒಮ್ಮೆಲೇ ಘಟಕಕ್ಕೆ ಸುರಿದರೆ ಘಟಕವೇ ಕೆಡುತ್ತದೆ.

ಇದಕ್ಕೆ ಕರ್ನಾಟಕದಲ್ಲೇ ದಾರಿ ಕಂಡುಕೊಂಡ ಊರು ಬೆಂಗಳೂರು ಬಳಿಯ ದೇವನಹಳ್ಳಿ. 2011ರ ಗಣತಿಯಂತೆ ಸುಮಾರು 28 ಸಾವಿರ ಜನ, ಹೆಚ್ಚುಕಡಿಮೆ ದೇವದುರ್ಗದಷ್ಟೇ. ಅಲ್ಲಿ 2015ರಲ್ಲಿ ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯ ನೆರವಿನಿಂದ, ದಿನಕ್ಕೆ 6 ಸಾವಿರ ಲೀಟರ್ ಗುಂಡಿರಾಡಿ ಅರಗಿಸುವ ಘಟಕ ಶುರುವಾಯಿತು. ಇಡೀ ಊರಿಗೆಂದು ಕಟ್ಟಿದ ಇಂಥ ಘಟಕಗಳಲ್ಲಿ ದೇಶಕ್ಕೇ ಮೊದಲನೆಯದು ಎಂಬ ಹೆಸರು ಅದಕ್ಕಿದೆ. ಲಾರಿಯ ರಾಡಿ ಮೊದಲು ಮುಚ್ಚಿದ ಟ್ಯಾಂಕಿನಲ್ಲಿ ಅರಗುತ್ತದೆ, ಗೋಬರ್ ಗ್ಯಾಸಿನ ಟ್ಯಾಂಕಿನ ಹಾಗೆ. ನಂತರ ಹಾಸಿನ ಮೇಲೆ ಒಣಗಿ, ಊರಿನ ಹಸಿಕಸದ ಜೊತೆ ಸೇರಿ ಗೊಬ್ಬರವಾಗುತ್ತದೆ. ನೀರು ಇಳಿಜಾರಿನಲ್ಲೇ ಹರಿಯುವಂತೆ ಕಟ್ಟಿರುವುದರಿಂದ ದೊಡ್ಡ ಯಂತ್ರಗಳ ಹಂಗಿಲ್ಲ. ನಾತದ ಕೆಲಸವೆಲ್ಲ ಮುಚ್ಚಳದ ಕೆಳಗೆ ನಡೆಯುವುದೇ ಇದರ ಗುಟ್ಟು. ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಗೊಬ್ಬರಕ್ಕೆ ಹಣ ಸುರಿಯುವ ಮಾನ್ವಿ ರೈತನಿಗೂ ಇದು ಬೇಡದ ಸರಕೇನಲ್ಲ.

ಅಂಗಡಿಯವರ ಪಾಲೂ ಇದೆ

ಎಲ್ಲಾ ತಪ್ಪನ್ನೂ ಸರಕಾರದ ತಲೆಗೆ ಕಟ್ಟಿದರೆ ನ್ಯಾಯವಾಗದು. ಖಾನಾವಳಿಯ ಕರಿದ ಎಣ್ಣೆ, ಮಿರ್ಚಿ ಬಂಡಿಯ ಜಿಡ್ಡು, ಮಾಂಸದಂಗಡಿಯ ತ್ಯಾಜ್ಯ, ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲ ಎಲ್ಲವೂ ಮೋರಿಗೇ. ಜಿಡ್ಡು ಪೈಪಿನಲ್ಲಿ ಗಟ್ಟಿಯಾಗಿ ನೀರನ್ನು ತಡೆಯುತ್ತದೆ, ನಿಂತ ನೀರು ಕೊಳೆಯುತ್ತದೆ, ಅದೇ ನಾತ ಅದೇ ಅಂಗಡಿಗೆ ಬಡ್ಡಿ ಸಮೇತ ವಾಪಸು ಬರುತ್ತದೆ. ಹೋಟೆಲಿನವರು ಮೋರಿಗೆ ಬಿಡುವ ಮುಂಚೆ ಜಿಡ್ಡು ತಡೆಯುವ ಸಣ್ಣ ತೊಟ್ಟಿ ಕಟ್ಟಿಸಿ ವಾರಕ್ಕೊಮ್ಮೆ ತೆಗೆಸಿದರೆ ಅರ್ಧ ಕಷ್ಟ ಕಳೆಯಿತು.

ಇನ್ನು ದೂರು ಕೊಡುವ ರೀತಿ. "ಭಾಳ ನಾತ ಬರಾಕತೈತ್ರೀ" ಎಂದಷ್ಟೇ ಹೇಳಿದರೆ "ನೋಡ್ತೀವಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ತಾರೀಖು, ಎಷ್ಟು ಗಂಟೆ, ಗಾಳಿ ಯಾವ ದಿಕ್ಕಿನಿಂದ, ಕೊಳೆತ ತತ್ತಿಯ ನಾತವೋ ಬೇರೆಯದೋ ಎಂದು ಬರೆದು ಕೊಟ್ಟರೆ ಎಂಜಿನಿಯರಿಗೆ ಜಾಗ ಹುಡುಕುವುದು ಸುಲಭ, ತಪ್ಪಿಸಿಕೊಳ್ಳುವುದು ಕಷ್ಟ. ಗಾಳಿ ಬಿದ್ದ ರಾತ್ರಿ ಮತ್ತು ನಸುಕಿನಲ್ಲಿ ನಾತ ನೆಲ ಹಿಡಿದು ಹರಿಯುತ್ತದೆ. ಹಗಲು ಹನ್ನೆರಡಕ್ಕೆ ಜೀಪಿನಲ್ಲಿ ಬಂದು ನಿಂತ ಸಾಹೇಬರಿಗೆ ಅದು ತಿಳಿಯುವುದಾದರೂ ಹೇಗೆ?

ಘಟಕ ನಡೆಸುವ ಗುತ್ತಿಗೆ ಕೊಡುವಾಗ ಎಷ್ಟು ಲೀಟರ್ ನೀರು ಹಾಯಿಸಿದರು ಎಂಬುದಕ್ಕೆ ಮಾತ್ರ ಹಣ ಕೊಟ್ಟರೆ ಸಾಲದು. ಜಾಲರಿಯ ಕಸ ಎಂದು ತೆಗೆದರು, ಹೂಳು ಎಂದು ಎತ್ತಿದರು, ಜನರೇಟರ್ ಎಷ್ಟು ತಾಸು ಓಡಿತು, ಅನಿಲ ಅಳೆಯುವ ಮೀಟರು ಆಳುಗಳ ಕೈಯಲ್ಲಿದೆಯೇ ಎಂಬುದೂ ಕರಾರಿನಲ್ಲಿ ಇರಬೇಕು. ಆ ರಿಜಿಸ್ಟರು ಗೇಟಿನಲ್ಲೇ, ಜನ ನೋಡುವಂತೆ ತೂಗುತ್ತಿರಬೇಕು. ದೂರು ಬಂದರೆ ಮರುದಿನ ನಸುಕಿನಲ್ಲೇ ಅಧಿಕಾರಿ ಸ್ಥಳಕ್ಕೆ ಬರಬೇಕು.

ಇವು ಯಾವುವೂ ದೊಡ್ಡ ಬಜೆಟ್ಟಿನ ಕೆಲಸಗಳಲ್ಲ. ರಾಯಚೂರಿನ ನಗರಾಡಳಿತ, ಮಾನ್ವಿ ಮತ್ತು ದೇವದುರ್ಗದ ಪುರಸಭೆಗಳು ಬರುವ ಬೇಸಗೆಯೊಳಗೆ ಇಷ್ಟನ್ನಾದರೂ ಕೈಗೆತ್ತಿಕೊಳ್ಳುವವೇ? ಇಲ್ಲ, ಬಸ್ಸಿನ ಕಿಟಕಿಗಳು ಇನ್ನೊಂದು ವರ್ಷವೂ ಹೀಗೆಯೇ ದಡಬಡನೆ ಮುಚ್ಚಿಕೊಳ್ಳಬೇಕೇ? ಸಂಬಂಧಪಟ್ಟವರು ಒಂದು ಸಂಜೆ ಆ ಬಸ್ಸಿನಲ್ಲೇ ನಿಂತು ಪ್ರಯಾಣ ಮಾಡಿ ನೋಡಲಿ.